ಬೆರಳಿನ ಸದ್ದು

ತಟ್ಟೆ ಗೋಡೆಗೆ ಬಡಿಯಿತು!

ಅದರಲ್ಲಿದ್ದ ಸ್ವಿಚ್ಚುಗಳು ಆಲಿಕಲ್ಲಿನಂತೆ ನೆಲದ ತುಂಬ ಚೆಲ್ಲಿದವು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕಣ್ಣಿಗೆ ಕಟ್ಟಿಕೊಂಡಿದ್ದ ಕಪ್ಪು ಬಟ್ಟೆಯನ್ನೂ ಬಿಚ್ಚಲಿಲ್ಲ.

"ಇಲ್ಲಿ ಕಿವಿ ಅಂದ್ರೆ ಯಾರು?" ಗಂಡು ದನಿ, ಉರಿಯುತ್ತಿತ್ತು.

"ನಾನೇ. ನೀವು?"

"ನೀವು ವಾಪಸ್ ಕಳಿಸಿದ ಮಾಲು ಮಾಡಿದವನು! ಕಣ್ಣು ಕಟ್ಕೊಂಡು ನ್ಯಾಯ ಹೇಳ್ತಾ ಇದ್ದೀರಾ?"

ಅವಳ ಕೆಲಸವೇ ಅದು. ಅಣ್ಣನ ಆ ಕಾರ್ಖಾನೆಯಲ್ಲಿ ಕೇಳಿದವರಿಗೆ ಕೇಳಿದಂಥ ಕೀಬೋರ್ಡ್ ಮಾಡಿಕೊಡುತ್ತಿದ್ದರು. ಪ್ರತಿ ಕೀಯ ಕೆಳಗೂ ಒಂದು ಪುಟ್ಟ ಸ್ವಿಚ್ಚು, ಅದರ ಹೊಟ್ಟೆಯಲ್ಲೊಂದು ಸ್ಪ್ರಿಂಗು. ಒಂದೊಂದನ್ನೂ ಒತ್ತಿ, ಬೆರಳಿಗೆ ಹೇಗೆ ತಾಗಿತು, ಕಿವಿಗೆ ಹೇಗೆ ಕೇಳಿತು ಎಂದು ಅವಳು ಹೇಳಬೇಕು. ಬಣ್ಣ ಕಂಡರೆ ಬೆರಳು ಸುಳ್ಳು ಹೇಳುತ್ತದೆಂದು ಕಣ್ಣಿಗೆ ಬಟ್ಟೆ. ಅಣ್ಣ ಕಲಿಸಿದ ಪಾಠ ಒಂದೇ: ಒತ್ತುವ ಕೈಯನ್ನು ಮರೆ, ಸ್ವಿಚ್ಚನ್ನು ಮಾತ್ರ ಕೇಳು.

'ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಮ್ಮಲ್ಲಿ ಕಿವಿಗೇ ಕೈಕಾಲಿದೆ' ಎಂದು ಅಲ್ಲಿಯವರು ನಗುತ್ತಿದ್ದರು. ಹಾಗೆ ಆ ಹೆಸರು ಅಂಟಿತ್ತು.

"ನನ್ನ ತಂಗಿ ಮುಂದೆ ದನಿ ಏರಿಸ್ತೀಯೇನೋ!"

ಅಣ್ಣ ಬಂದ. ಆಮೇಲೆ ಕೇಳಿದ್ದು ಮೂಳೆಗೆ ಮೂಳೆ ತಾಗಿದ ಸದ್ದು. ಅಣ್ಣ ಮೊದಲು ಹೊಡೆಯುವವನು, ಆಮೇಲೆ ವಿಚಾರಿಸುವವನು.

ಅವಳು ನೆಲಕ್ಕೆ ಕೂತು, ತಡಕಾಡಿ, ಒಂದು ಸ್ವಿಚ್ಚನ್ನು ಹೆಕ್ಕಿದಳು. ಕಿವಿಯ ಬಳಿ ಹಿಡಿದು ಒತ್ತಿದಳು. ಇನ್ನೊಂದನ್ನು ಒತ್ತಿದಳು.

"ಇದು ಒಳ್ಳೇದು. ಇದು ಕೆಟ್ಟಿದೆ. ಒತ್ತಿ ಬಿಟ್ಟ ಮೇಲೆ ಒಳಗೆ ಸೊಳ್ಳೆ ಹಾಡುತ್ತೆ... ಕೇಳಿ."

ಅವನು ಅದನ್ನು ಈಸಿಕೊಂಡ. ಒತ್ತಿದ. ಮತ್ತೆ ಒತ್ತಿದ.

"...ಹೌದ್ರೀ. ಸೊಳ್ಳೆ."

ನಕ್ಕ! ಅವಳು ಬಟ್ಟೆ ಬಿಚ್ಚಿ ನೋಡಿದಳು. ಮೂಗಿನಿಂದ ಇಳಿದ ರಕ್ತ ತುಟಿಯ ತನಕ ಬಂದಿತ್ತು. ಆ ತುಟಿ ನಗುತ್ತಿತ್ತು.

'ಅಯ್ಯೋ ದೇವರೇ... ಏಟು ತಿಂದು ನಗೋ ಗಂಡಸನ್ನ ನಾನು ನೋಡೇ ಇರಲಿಲ್ಲ.'

*

ಅವನು ಮತ್ತೆ ಬಂದ, ಸೊಳ್ಳೆಯಿಲ್ಲದ ಸ್ವಿಚ್ಚುಗಳೊಂದಿಗೆ. ಮತ್ತೆ ಬಂದ, ಯಾವ ಮಾಲೂ ಇಲ್ಲದೆ. ಸ್ಪ್ರಿಂಗಿನ ತಂತಿಯನ್ನು ತಾನೇ ಸುತ್ತುತ್ತಿದ್ದ ಅವನನ್ನು ಅವಳು 'ಸ್ಪ್ರಿಂಗು' ಎಂದು ಕರೆಯತೊಡಗಿದಳು. 'ನೀವು' ಯಾವಾಗಲೋ 'ನೀನು' ಆಗಿತ್ತು.

"ಕಿವಿ, ಇದನ್ನ ಒತ್ತಿ ನೋಡು."

ಅವಳು ಕಣ್ಣು ಮುಚ್ಚಿ ಒತ್ತಿದಳು. ಮೊದಲು ಮೆತ್ತಗೆ, ನಡುವೆ ಒಂದು ಪುಟ್ಟ ತಡೆ, ಆಮೇಲೆ... ಹೊಳೆಯ ತಳದಲ್ಲಿ ಕಲ್ಲಿಗೆ ಕಲ್ಲು ತಾಗಿದಂಥ ಸದ್ದು.

"ಇದು ಯಾವುದೋ?"

"ಹೆಸರಿಟ್ಟಿಲ್ಲ. ಒಂದು ಕೀಬೋರ್ಡಿಗೆ ಆಗೋವಷ್ಟು ಮಾಡಿದೀನಿ. ಮಾರಲ್ಲ. ಬೇರೆ ಯಾರ ಹತ್ರಾನೂ ಇರಲ್ಲ."

"ಮತ್ತೆ ಯಾರಿಗೆ?"

"ಕೇಳ್ತಾಳೆ ನೋಡು! ಕಿವಿ ಇದೆ, ಬುದ್ಧಿ ಇಲ್ಲ."

ಅವಳ ಕಿವಿಯ ತುದಿ ಕೆಂಪಾಯಿತು. ಅವನು ಆ ಸ್ವಿಚ್ಚುಗಳ ಮೇಲೆ ಬೆರಳಾಡಿಸುವುದನ್ನು ಅವಳು ಎಷ್ಟೋ ಹೊತ್ತು ನೋಡುತ್ತಿದ್ದಳು. ಅವನದು ಬೆಕ್ಕಿನ ಹೆಜ್ಜೆ. ಕೀ ತಳ ಮುಟ್ಟುವ ಮೊದಲೇ ಬೆರಳು ಎದ್ದಿರುತ್ತಿತ್ತು.

ಅಣ್ಣನಿಗೆ ಇದು ಹಿಡಿಸಲಿಲ್ಲ. ಅಣ್ಣನಿಗೆ ಹಿಡಿಸದ್ದು ಆ ಕಾರ್ಖಾನೆಯಲ್ಲಿ ಯಾರದಾದರೂ ಮೈಮೇಲೆ ಇಳಿಯುತ್ತಿತ್ತು. ಆ ವಾರ ಇಳಿದದ್ದು ಬಡಗಿಯ ಮೇಲೆ. ಕೀಬೋರ್ಡಿಗೆ ಮರದ ಕವಚ ಮಾಡಿಕೊಡುತ್ತಿದ್ದ ಆ ನಡುವಯಸ್ಸಿನವನ ಒಂದು ಕವಚ ಕೊಂಚ ಸೊಟ್ಟಗಾಗಿತ್ತು. ಎಲ್ಲರ ಎದುರು ಅಣ್ಣ ಅವನ ಕೆನ್ನೆಗೆ ಬಾರಿಸಿದ. ಬಡಗಿ ಕನ್ನಡಕ ಎತ್ತಿಕೊಂಡು, ಒರೆಸಿ, ಮೂಗಿಗೇರಿಸಿ ಹೊರಟುಹೋದ.

ಅವಳು ತಲೆಯೆತ್ತಲಿಲ್ಲ. ಕಣ್ಣಿಗೆ ಬಟ್ಟೆಯಿತ್ತು, ಬೆರಳ ಕೆಳಗೆ ಸ್ವಿಚ್ಚಿತ್ತು.

*

ಅದಾದ ಎರಡನೇ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಗಂಡಸರು ಕಬ್ಬಿಣದ ಸಲಾಕೆ ಹಿಡಿದು ನುಗ್ಗಿದರು. ಗಾಜು ಒಡೆಯಿತು. ಅವಳ ಮೇಜು ಎರಡಾಗಿ ಸೀಳಿತು. ಅಡ್ಡ ಬಂದ ಅಣ್ಣನ ಭುಜದ ಮೇಲೆ ಸಲಾಕೆ ಇಳಿದಾಗ ಅವನು ಮಗುವಿನಂತೆ ಕೂಗಿದ. ಗೋಡೆಯ ಮೂಲೆಯಲ್ಲಿ ಮುದುರಿ ಕೂತ ಅವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಮಾರನೆಯ ದಿನ ಫೋನು ಬಂತು. ಅಣ್ಣ ಸ್ಪೀಕರಿಗೆ ಹಾಕಿದ. ಬಟ್ಟೆ ಅಡ್ಡ ಹಿಡಿದು ಮಾತಾಡಿದಂಥ ಒರಟು ದನಿ.

"ನಿನ್ನೆ ಮೇಜು. ಇನ್ನೊಂದು ಸಲ ಕೈ ಎತ್ತಿದ್ರೆ ತಲೆ."

ಅಷ್ಟೇ. ಆದರೆ ಆ ದನಿಯ ಹಿಂದೆ, ಮಾತಾಡುತ್ತಲೇ ಸುಮ್ಮನೆ ಬೆರಳು ಕುಟ್ಟುವವರಂತೆ, ಯಾರೋ ಕೀ ಒತ್ತುತ್ತಿದ್ದರು.

ಹೊಳೆಯ ತಳ. ಕಲ್ಲಿಗೆ ಕಲ್ಲು.

'ಇಲ್ಲ... ಇರಲಾರದು... ಆದರೆ ಬೇರೆ ಯಾರ ಹತ್ತಿರವೂ ಇಲ್ಲ ಅಂದಿದ್ದನಲ್ಲ!' ಸದ್ದು ಕೊಂಚ ಮಂದವಾಗಿತ್ತು, ಫೋನಿನಲ್ಲಿ ಹಾಗೇ ಎಂದುಕೊಂಡಳು.

"ಏನೇ? ಏನು ಕೇಳಿಸ್ತು?" ಅಣ್ಣ ಅವಳ ತೋಳು ಹಿಡಿದು ಅಲುಗಿಸಿದ. "ಹೇಳೇ!"

"ಅದು... ಅವನ ಸ್ವಿಚ್ಚು ಅಣ್ಣ."

ಅಣ್ಣ ಒಂದು ಮಾತೂ ಕೇಳಲಿಲ್ಲ. ಸರಿಯಿದ್ದ ಕೈಯಲ್ಲಿ ಸುತ್ತಿಗೆ ತೆಗೆದುಕೊಂಡ. ಇಬ್ಬರು ಕೆಲಸದವರು ಅವನ ಹಿಂದೆ ಹೋದರು.

"ಅಣ್ಣ, ನಿಲ್ಲು! ಮೊದಲು ಕೇಳೋಣ!"

ಬಾಗಿಲು ಬಡಿದುಕೊಂಡಿತು. ಹೊರಗಿನಿಂದ ಚಿಲಕ.

ಅಣ್ಣ ತಿರುಗಿ ಬಂದಾಗ ಅಂಗಿಯ ಮೇಲೆ ರಕ್ತವಿತ್ತು, ಅವನದ್ದಲ್ಲದ ರಕ್ತ.

"ಬಲಗೈ ಪುಡಿ ಮಾಡಿದೆ. ಮೊದಲು ಕೂಗಾಡಿದ. ಕಿವಿ ಹೇಳಿದಾಳೆ ಕಣೋ ಅಂದೆ. 'ಅವಳೇ ಹೇಳಿದ್ಳಾ?' ಅಂದ. ಅಷ್ಟೇ. ಆಮೇಲೆ ಕೈ ಎಳ್ಕೊಳ್ಳಲೂ ಇಲ್ಲ, ಪುಣ್ಯಾತ್ಮ."

*

ಕೈ ಎಳೆದುಕೊಳ್ಳಲೂ ಇಲ್ಲ...

ತಪ್ಪು ಮಾಡಿದವನು ಎಳೆದುಕೊಳ್ಳುತ್ತಾನೆ. ಅಣ್ಣನ ಫೋನು ಎಲ್ಲ ಕರೆಗಳನ್ನೂ ಹಿಡಿದಿಡುತ್ತಿತ್ತು. ಅವಳು ಅದರಲ್ಲಿ ಆ ಬೆದರಿಕೆಯ ಕರೆ ಹಾಕಿ ಕಿವಿಗೆ ಒತ್ತಿಕೊಂಡಳು.

ಸ್ವಿಚ್ಚು ಅವನದೇ. ಸಂಶಯವೇ ಇಲ್ಲ.

ಮತ್ತೆ ಕೇಳಿದಳು. ಈ ಸಲ, ಹುಟ್ಟಿದ ಮೇಲೆ ಮೊದಲ ಸಲ, ಸ್ವಿಚ್ಚನ್ನು ಬಿಟ್ಟು ಕೈಯನ್ನು ಕೇಳಿದಳು.

ಕುಟ್ಟುತ್ತಿತ್ತು ಆ ಕೈ! ಮೊಳೆ ಹೊಡೆದಂತೆ. ಪ್ರತಿ ಕೀಯೂ ತಳಕ್ಕೆ ಬಡಿದು ನಿಲ್ಲುತ್ತಿತ್ತು. ಇದು ಬೆಕ್ಕಿನ ಹೆಜ್ಜೆಯಲ್ಲ. ಮತ್ತೆ ಆ ಮಂದ ಸದ್ದು... ಅದು ಫೋನಿನದ್ದಲ್ಲ, ಕೀಬೋರ್ಡಿನ ಕವಚದ್ದು.

ಮರ.

ಅವಳು ಬಡಗಿಯ ಕೊಟ್ಟಿಗೆಗೆ ಓಡಿದಳು. ಮರದ ಹೊಟ್ಟಿನ ನಡುವೆ ಅವನು ಕೂತಿದ್ದ. ಎದುರಿಗೆ ತಿಳಿಗೆಂಪು ಮರದ ಕವಚದಲ್ಲಿ, ಮಗುವನ್ನು ತೊಟ್ಟಿಲಲ್ಲಿಟ್ಟಂತೆ ಕೂತಿತ್ತು ಆ ಕೀಬೋರ್ಡು.

"ಇದು ಇಲ್ಲಿಗೆ ಹೇಗೆ ಬಂತು?"

"ಸ್ಪ್ರಿಂಗು ಕೊಟ್ಟ. ನಿನಗೆ ಕೊಡೋಕೆ ಚೆಂದದ ಕವಚ ಬೇಕಂತೆ." ಬಡಗಿ ಉಳಿಯನ್ನು ಕೆಳಗಿಡಲಿಲ್ಲ. "ಅವನ ಕೈ ಮುರಿದ್ರು ಅಂತ ಈಗಷ್ಟೇ ಕೇಳಿದೆ. ಅವನಿಗೆ ಇದರಲ್ಲಿ ಏನೂ ಗೊತ್ತಿಲ್ಲ ತಾಯಿ."

"ಆ ಜನರನ್ನ ಕಳಿಸಿದ್ದು ನೀವಾ? ನಮ್ಮಣ್ಣ ಸತ್ತೇ ಹೋಗ್ತಿದ್ದ!"

"ನಿಮ್ಮಣ್ಣ ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದಾಗ..." ಅವನು ಕನ್ನಡಕ ಸರಿಮಾಡಿಕೊಂಡ. "ನೀನು ಅಲ್ಲೇ ಕೂತಿದ್ದೆ. ಅಷ್ಟು ದೊಡ್ಡ ಕಿವಿ ನಿಂದು. ಆ ಸದ್ದು ಕೇಳಿಸ್ಲಿಲ್ವಾ?"

ಕೇಳಿಸಿತ್ತು.

ಅಣ್ಣನಿಗೆ ಹೇಳಿದಾಗ ಅವನು ಮತ್ತೆ ಸುತ್ತಿಗೆ ಹುಡುಕಿದ. ಅದನ್ನು ಅವಳು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

"ಕೊಡೇ ಇಲ್ಲಿ. ಆ ಬಡಗಿಯ ಕೈಯೂ..."

"ಕೊಡಲ್ಲ."

"ತಲೆ ತಿರುಗಿದ್ಯಾ ನಿನಗೆ? ಅಪ್ಪ ಸತ್ತ ಮೇಲೆ ನಿನ್ನ ಸಾಕಿದೋನು ನಾನು!"

"ಸಾಕಿದೆ ಅಣ್ಣ. ಹೊಡೆಯೋದನ್ನ ನೋಡ್ಕೊಂಡು ಸುಮ್ಮನಿರೋದನ್ನೂ ಕಲಿಸಿದೆ. ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ."

ಏಟು ಬಿತ್ತು. ಎಡಗೆನ್ನೆ, ಕಿವಿ ಸೇರಿಸಿ. ಇಷ್ಟು ವರ್ಷ ಸುತ್ತಲಿನವರ ಮೇಲೆ ಬೀಳುತ್ತಿದ್ದದ್ದು ಕೊನೆಗೆ ಅವಳ ಮೇಲೂ ಬಿತ್ತು. ಕಿವಿಯೊಳಗೆ ಗುಂಯ್ ಎಂದಿತು. ಅಣ್ಣ ತನ್ನ ಅಂಗೈಯನ್ನೇ ನೋಡುತ್ತ ನಿಂತ. ಅವಳು ಸುತ್ತಿಗೆಯನ್ನು ಹಿತ್ತಿಲ ಬಾವಿಗೆ ಎಸೆದು ಹೊರಟಳು.

*

"ಹೊರಗೆ ಹೋಗು!"

ಸ್ಪ್ರಿಂಗಿನ ಮನೆಯ ಬಾಗಿಲನ್ನು ಅವಳು ತೆರೆದದ್ದೇ ತಡ, ಸ್ಟೀಲಿನ ಲೋಟ ಹಾರಿ ಬಂತು. ಎಡಗೈಯ ಗುರಿ, ಚೌಕಟ್ಟಿಗೆ ಬಡಿದು ಬಿತ್ತು.

ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಬಲಗೈಗೆ ಮೊಣಕೈ ತನಕ ಬಿಳಿ ಪಟ್ಟಿ. ಬೂಟು ಹಾಕಿಕೊಂಡಿದ್ದ, ದಾರಗಳು ನೆಲಕ್ಕೆ ಬಿದ್ದಿದ್ದವು.

"ಇನ್ನೇನು ಮುರಿಯೋಕೆ ಬಂದೆ? ಎಡಗೈ ಬಾಕಿ ಇದೆ ಅಂತಾನಾ?"

"ಸ್ಪ್ರಿಂಗು..."

"ಹಾಗೆ ಕರೀಬೇಡ! ಡಾಕ್ಟರು ಏನಂದ್ರು ಗೊತ್ತಾ? ತೋರುಬೆರಳಿಗೆ ಇನ್ನು ಸ್ಪರ್ಶ ಬರೋದು ಅನುಮಾನ ಅಂದ್ರು. ತಂತಿ ಹೇಗೆ ಸುತ್ತಲಿ ನಾನು? ನಿನ್ನ ಅಣ್ಣ ಹೊಡೆದಿದ್ದು ನೋವಾಗ್ಲಿಲ್ಲ ಕಣೇ. ನೀನು ಹೇಳಿದೆ ಅಂದನಲ್ಲ... ಅದು."

ಅವಳು ಅಳಬಾರದೆಂದುಕೊಂಡೇ ಬಂದಿದ್ದಳು. ಅಳಲಿಲ್ಲ.

"ನಾನೇ ಹೇಳಿದ್ದು. ಸ್ವಿಚ್ಚು ಗುರುತು ಹಿಡಿದೆ, ಕೈ ಗುರುತು ಹಿಡೀಲಿಲ್ಲ. ಕುಟ್ಟಿದ್ದು ಬಡಗಿ. ನಿನ್ನ ಕೈ ಹಾಗೆ ಕುಟ್ಟಲ್ಲ ಅಂತ ಪ್ರಪಂಚದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನೇ ಮರೆತೆ."

ಅವನು ಗೋಡೆಯ ಕಡೆ ತಿರುಗಿದ. ಆಗ ಬೆಳಕು ಅವಳ ಮುಖದ ಮೇಲೆ ಬಿತ್ತೇನೋ, ಮತ್ತೆ ಈ ಕಡೆ ತಿರುಗಿದ.

"ಕೆನ್ನೆಗೇನಾಯ್ತು?"

"ಅಣ್ಣ."

"ನಿನಗೂನಾ? ಕಿವಿ ಕೇಳಿಸ್ತಿದೆಯಾ?"

"ಒಂದು ಕಡೆ ಗುಂಯ್ ಅಂತಿದೆ. ಇರಲಿ ಬಿಡು."

"ಇರಲಿ ಬಿಡು ಅಂತಾಳೆ! ಕಿವೀನೇ ಬಂಡವಾಳ ಇವಳಿಗೆ..." ಬೈಯುತ್ತಿದ್ದ ದನಿ ನಡುವೆಯೇ ಒಡೆಯಿತು. ಕಾಲಿನ ಬೂಟನ್ನು ನೋಡಿದ. "ನಾನು ಸ್ಟೇಷನ್ನಿಗೆ ಹೊರಟಿದ್ದೆ. ನಿಮ್ಮಣ್ಣನ ಮೇಲೆ ದೂರು ಕೊಡ್ತೀನಿ. ತಡೀಬೇಡ."

"ತಡೆಯೋಕೆ ಬಂದಿಲ್ಲ. ಜೊತೆಗೆ ಬರ್ತೀನಿ. ಅಣ್ಣ ಸುತ್ತಿಗೆ ತಗೊಂಡು ಹೋದದ್ದು, ತಗೊಂಡು ಹೋಗೋ ಹಾಗೆ ನಾನು ಹೇಳಿದ್ದು, ಎರಡೂ ಹೇಳ್ತೀನಿ. ಬಡಗೀದೂ."

"ಅಣ್ಣನ ಮನೆ ಹೋಗುತ್ತೆ ನಿನಗೆ."

"ಹೋಯ್ತು ಆಗಲೇ."

ಅವನು ಬಗ್ಗಿ, ಎಡಗೈಯಲ್ಲಿ ಬೂಟಿನ ದಾರ ಹಿಡಿದ. ಜಾರಿತು. ಮತ್ತೆ ಹಿಡಿದ. ಸಿಟ್ಟಿನಿಂದ ಕಾಲನ್ನು ನೆಲಕ್ಕೆ ಬಡಿದ. ಅವಳು ಬಂದು ಅವನ ಎದುರು ಮಂಡಿಯೂರಿ ಕೂತಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

ಅವಳು ಕಾದಳು.

ಕಾಲು ನಿಧಾನವಾಗಿ ಮುಂದೆ ಬಂತು.

"ಅಲ್ಲಿ ಕೇಳ್ತಾರೆ," ಅವನೆಂದ, ಅವಳ ಬೈತಲೆಯನ್ನು ನೋಡುತ್ತ. "ಇವನು ನಿಮಗೆ ಏನಾಗ್ಬೇಕು ಅಂತ. ಏನು ಹೇಳ್ತೀಯ?"

"ನೀನು ಏನು ಹೇಳು ಅಂತೀಯೋ ಅದು."

"ನಾನು ಹೇಳಿಕೊಡಲ್ಲಪ್ಪ."

ಅವಳು ದಾರದ ಗಂಟು ಬಿಗಿದಳು.

"ಹಾಗಾದ್ರೆ... ನನ್ನವನು ಅಂತೀನಿ. ಕೈ ಸರಿಹೋದ್ರೂ, ಹೋಗದೇ ಇದ್ರೂ. ಅವನಿಗೆ ಸಿಟ್ಟಿದೆ, ಅದು ಹೋಗೋ ತನಕ ಕಾಯ್ತೀನಿ ಅಂತೀನಿ. ಆಗುತ್ತಾ?"

ಅವನ ಎಡಗೈ ಅವಳ ಊದಿದ ಕೆನ್ನೆಯ ತನಕ ಬಂದು, ನೋವಾದೀತೆಂದು ಮುಟ್ಟದೆ, ಕೂದಲಿನ ಮೇಲೆ ನಿಂತಿತು.

"ಇನ್ನೊಂದು ಕಾಲು ಬಾಕಿ ಇದೆ ಕಣೇ," ಎಂದ.

"ಗೊತ್ತು. ಅಲ್ಲಾಡಬೇಡ," ಎಂದಳು ಅವಳು.