ಬೋರಲು ಹಾಕದ ಲೋಟ

ಹೊಸ ಚೌಕದ ಮಾದರಿ ಕಾಣೆಯಾದ ಬೆಳಿಗ್ಗೆ ನಕ್ಷೆಗಾರ ಎರಡೆರಡು ಮೆಟ್ಟಿಲು ಹಾರಿಕೊಂಡು ಸೋದರತ್ತೆಯ ಮನೆಗೆ ಓಡಿದ. ಕೆಳಗೆ ಅವನ ಕಚೇರಿ, ಮೇಲೆ ಅತ್ತೆ. ಆ ಕಟ್ಟಡದಲ್ಲಿ ಏನೇ ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಆಕೆಯ ಬಾಗಿಲನ್ನೇ.

"ಅತ್ತೆ, ನಮ್ಮ ಅಕ್ಕನ ಕೆಲಸ ಹೋಗುತ್ತೆ. ಬೇಗ ಬನ್ನಿ."

ಅಕ್ಕ ಎಂದರೆ ಕಚೇರಿ ಗುಡಿಸಿ, ಚಹಾ ಕಾಸುವ ಹೆಂಗಸು. ನಗರದ ಚೌಕಕ್ಕೆಂದು ಎಲ್ಲರೂ ಸೇರಿ ಮರದಲ್ಲಿ ಮಾಡಿದ್ದ ಪುಟ್ಟ ಮಾದರಿ ಬೆಳಗಾಗುವುದರೊಳಗೆ ಮಾಯವಾಗಿತ್ತು. ಅದನ್ನಿಟ್ಟಿದ್ದ ಕೋಣೆಯ ಬೀಗ ಮುರಿದಿರಲಿಲ್ಲ. ಆ ಕೋಣೆಯ ಕೀಲಿಕೈ ಚಹಾ ಕೋಣೆಯ ಮೊಳೆಯಲ್ಲಿ ನೇತಾಡುವುದು ಎಲ್ಲರಿಗೂ ಗೊತ್ತಿದ್ದರೂ ಅದರ ಹೊಣೆ ಅಕ್ಕನದು. ನಿಯಮವೆಂದರೆ ಪ್ರಾಣ ಬಿಡುವ ಮ್ಯಾನೇಜರ್ ಕೀಲಿಕೈ ಕಿತ್ತುಕೊಂಡು, ಹಿರಿಯರು ಬರಲಿ, ಲೆಕ್ಕ ಚುಕ್ತಾ ಮಾಡುತ್ತೇನೆ ಎಂದು ಆಕೆಯನ್ನು ಹೊರಗೆ ಕೂರಿಸಿದ್ದರು. ಕಚೇರಿಯ ಒಡೆಯರಾದ ಹಿರಿಯರು ಮಧ್ಯಾಹ್ನದವರೆಗೆ ಬರುವವರಲ್ಲ.

ಅತ್ತೆ ಮಾದರಿಯ ಕೋಣೆಗೆ ಸುಮ್ಮನೆ ಇಣುಕಿ ನೇರ ಚಹಾ ಕೋಣೆಗೆ ನಡೆದರು. ಚಹಾದ ಆಸೆಗಿರಬೇಕು ಎಂದುಕೊಂಡ ನಕ್ಷೆಗಾರ. ಬಟ್ಟೆಯ ಮೇಲೆ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಕೊನೆಯದೊಂದು ಮಾತ್ರ ಬಾಯಿ ಮೇಲೆ ಮಾಡಿ ಕೂತಿತ್ತು, ತಳದಲ್ಲಿ ತೊಳೆದ ನೀರು. ಹಿಂದಿನ ಸಂಜೆ ತಾನು ಮನೆಗೆ ಹೋಗುವಾಗ ಎಲ್ಲವೂ ಬೋರಲೇ ಇದ್ದವೆಂದು ಅಕ್ಕ ಆಣೆಯಿಟ್ಟಳು.

ಇಲ್ಲಿ ಲೋಟ ತೊಳೆಯುವವರು ಯಾರು ಎಂದು ಅತ್ತೆ ಕೇಳಿದರು. ಅವರವರದು ಅವರೇ ಎಂದು ನಕ್ಷೆಗಾರ ಗೋಡೆಯ ಮೇಲಿನ ಬರಹ ತೋರಿಸಿದ. ಹಿರಿಯರ ಲೋಟವನ್ನು ಮಾತ್ರ ಹತ್ತಿರವಿದ್ದವರು ಎತ್ತಿಕೊಂಡು ಹೋಗುತ್ತಾರೆ, ಅದು ಹೇಳುವಂಥ ವಿಷಯವೇ ಅಲ್ಲ ಎಂದ. ಅತ್ತೆ ಹೂಂ ಎಂದರು, ಅಷ್ಟೇ. ಅಕ್ಕನ ಕೆಲಸ ಹೋಗುತ್ತಿರುವಾಗ ಲೋಟದ ವಿಚಾರಣೆಯೇ ಎಂದು ಅವನಿಗೆ ಸಿಟ್ಟು ಬಂತು.

ಹಿರಿಯರು ಬಂದೊಡನೆ ಅತ್ತೆ ಎಲ್ಲರನ್ನೂ ಸೇರಿಸಿದರು, ಅಕ್ಕನನ್ನೂ ಒಳಗೆ ಕರೆದರು.

"ಹೊರಗಿನ ಕಳ್ಳ ಚಹಾ ಕುಡಿದು ಲೋಟ ತೊಳೆದಿಡಲ್ಲ. ಹಾಗಾಗಿ ಬಂದವರು ಒಳಗಿನವರೇ. ಯಾರೂ ಉಳಿದಿರಲಿಲ್ಲ ಅನ್ನೋ ಹಾಗೆ ಕಾಣಲಿ ಅಂತ ತೊಳೆದಿಟ್ಟಿದ್ದಾರೆ. ಆದರೆ ನಿಮ್ಮಲ್ಲಿ ಯಾರು ತೊಳೆದ್ರೂ ಕೈ ತಾನಾಗೇ ಬೋರಲು ಹಾಕುತ್ತೆ. ಈ ಕೊನೇ ಲೋಟ ತೊಳೆದವರ ಕೈಗೆ ಆ ಅಭ್ಯಾಸ ಇಲ್ಲ. ಗೋಡೆ ಮೇಲೆ ಒಂದು ನಿಯಮ ಬರೆದಿದ್ದೀರಿ, ಬರೆಯದ ಇನ್ನೊಂದನ್ನ ಪಾಲಿಸ್ತಿದ್ದೀರಿ. ಅದರ ಪ್ರಕಾರ ಇಲ್ಲಿ ಲೋಟ ತೊಳೆಯದವರು ಒಬ್ಬರೇ."

ಮ್ಯಾನೇಜರ್ ಹಿರಿಯರ ಕಡೆ ತಿರುಗಿದರು. ಮಾದರಿ ಹೊರಗೆ ಒಯ್ದವರಿಗೆ ಕೆಲಸವಿಲ್ಲ ಎಂದು ನಿಯಮ ಮಾಡಿದ್ದೇ ಹಿರಿಯರಲ್ಲವೇ ಎಂದು ತೊದಲಿದರು.

"ಅದಕ್ಕೇ ಕೇಳೋಕೆ ನಾಚಿಕೆಯಾಯ್ತು," ಎಂದರು ಹಿರಿಯರು. ಎಲ್ಲರೂ ಹೋಗಲೆಂದು ಚಹಾ ಕುಡಿಯುತ್ತ ಕಾದಿದ್ದರಂತೆ. ಅವರ ತಾಯಿಗೆ ಕಣ್ಣು ಕಾಣುವುದಿಲ್ಲ. ಮಗ ಕಟ್ಟುವ ಚೌಕವನ್ನು ಮುಟ್ಟಿಯಾದರೂ ನೋಡಲಿ ಎಂಬ ಆಸೆ. ಬೆಳಿಗ್ಗೆ ಯಾರೂ ಬರುವ ಮುನ್ನ ತಂದಿಡಬೇಕೆಂದಿದ್ದರು. ಅಷ್ಟರಲ್ಲಿ ಮಾದರಿಯ ಕಮಾನೊಂದು ಮುರಿಯಿತು, ಅಂಟು ಒಣಗುವವರೆಗೆ ಕೂರಬೇಕಾಯಿತು. ಅಕ್ಕನ ಮೇಲೆ ಆರೋಪ ಬಂದದ್ದು ಗೊತ್ತೇ ಇರಲಿಲ್ಲ.

ಅವರು ಎದ್ದು ಮ್ಯಾನೇಜರ ಕೈಯಿಂದ ಕೀಲಿಕೈ ತೆಗೆದುಕೊಂಡು ಅಕ್ಕನಿಗೆ ಕೊಟ್ಟರು. "ತಪ್ಪು ನನ್ನದಮ್ಮ, ನೋವು ನಿನಗಾಯ್ತು. ನಿಯಮದ ಪ್ರಕಾರ ಹೊರಗೆ ಹೋಗಬೇಕಾದವನು ನಾನು. ನೀನೇ ಹೇಳು."

ಅಕ್ಕ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಆಕೆಯ ಮುಖದ ಮೇಲಿನ ಕಾರ್ಮೋಡ ಸರಿದದ್ದು ಕಂಡು ನಕ್ಷೆಗಾರನಿಗೆ ಹೋದ ಜೀವ ಬಂದಂತಾಯಿತು.

"ಅದಿರಲಿ ಸಾರ್. ಮುಟ್ಟಿ ನೋಡಿ ಅಮ್ಮ ಏನಂದ್ರು?"

ಹಿರಿಯರ ಕಿವಿ ಕೆಂಪಾಯಿತು. ಸೋಮಾರಿಗಳು ಸೇರುತ್ತಾರೆಂದು ಚೌಕಗಳಲ್ಲಿ ಬೆಂಚು ಹಾಕಕೂಡದು ಎಂಬುದು ಅವರೇ ನಗರಕ್ಕೆ ಬರೆದುಕೊಟ್ಟಿದ್ದ ನಿಯಮ.

"ಈ ತುದಿಯಿಂದ ಆ ತುದಿವರೆಗೂ ಬೆರಳಾಡಿಸಿದಳು. ಆಮೇಲೆ, ಇದರಲ್ಲಿ ನನ್ನಂಥವಳು ಎಲ್ಲಿ ಕೂರಲಿ ಮಗಾ ಅಂದಳು."