ತಾಸ್ಯಾ ಮುಚ್ಚಿಸಿದ ದಾರಿ

"ನಿನ್ ಬೆಟ್ಟ ಇವತ್ತೂ ಮುನಿಸ್ಕೊಂಡಿದ್ಯಾ, ತಾಸ್ಯಾ?"

ಪ್ರತಿ ಗುರುವಾರ ರೊಟ್ಟಿಯ ಪೆಟ್ಟಿಗೆ ಹೊತ್ತು ಬೆಟ್ಟದ ಹಿಮ ಕಾವಲಿನ ಠಾಣೆಯೊಳಕ್ಕೆ ಬರುವ ರೋದ್ಯಾ ಮೊದಲು ಕೇಳುತ್ತಿದ್ದುದು ಅದನ್ನೇ. ಅವನು ಗಣಿಯೂರಿನ ಟ್ರ್ಯಾಕ್ಟರ್ ಚಾಲಕ. ಹುಬ್ಬುಗಳ ಮೇಲೆಲ್ಲ ಹಿಮ ಕಟ್ಟಿರುತ್ತಿತ್ತು.

"ನಿನ್ನ ನೋಡಿದ್ರೆ ಯಾರ್ ತಾನೆ ಮುನಿಸ್ಕೊಳಲ್ಲ?" ಎನ್ನುತ್ತಿದ್ದಳು ತಾಸ್ಯಾ, ತಲೆಯೆತ್ತದೆ. ಅವಳ ಕಿವಿ ಕೆಂಪಾಗುವುದನ್ನು ಅವನು ನೋಡಿಯೇ ನೋಡುತ್ತಿದ್ದ.

ಅವಳ ಕೆಲಸ ಹಿಮ ಓದುವುದು, ಅದು ಯಾವಾಗ ಜಾರಿ ಬಿದ್ದೀತೆಂದು ಮೊದಲೇ ಹೇಳುವುದು. ರಷ್ಯಾದ ಉತ್ತರ ತುದಿಯ ಕೋಲಾ ಸೀಮೆಯ ಆ ಬೆಟ್ಟದ ನೆತ್ತಿ ಮೇಜಿನಂತೆ ಚಪ್ಪಟೆ. ಗಾಳಿ ಅದನ್ನು ಗುಡಿಸಿ, ಅಷ್ಟೂ ಹಿಮವನ್ನು ದಕ್ಷಿಣದ ಇಳಿಜಾರಿಗೆ ಪೇರಿಸುತ್ತಿತ್ತು. ಅದರ ಬುಡದಲ್ಲೇ ಗಣಿಯೂರಿನಿಂದ ಪಟ್ಟಣಕ್ಕಿದ್ದ ಒಂದೇ ದಾರಿ. ಮರಗಳು ಅಷ್ಟೆತ್ತರ ಹತ್ತವು. ಡಿಸೆಂಬರಿನಲ್ಲಿ ಸೂರ್ಯನೂ ಹತ್ತುವುದಿಲ್ಲ. ನಡುಹಗಲಲ್ಲಿ ಒಂದಿಷ್ಟು ನೀಲಿ ಬೆಳಕು, ಅಷ್ಟೇ.

ಆ ನೀಲಿಯಲ್ಲಿ ಒಮ್ಮೆ, ಹಿಮದ ಪದರ ನೋಡಲು ಅವಳು ಅಗೆದ ಗುಂಡಿಗೆ ಅವನೂ ಇಳಿದ. ಅವಳು ಅವನ ಕೈಗವಸು ಕಳಚಿಸಿ, ತಳದ ಹಿಮವನ್ನು ಅಂಗೈಗೆ ಸುರಿದಳು. ಸಕ್ಕರೆಯಂತೆ ಉದುರಿತು.

"ಇದನ್ನ ಮಾತ್ರ ನಂಬ್ಬಾರ್ದು. ಮೇಲೆ ಎಷ್ಟೇ ಗಟ್ಟಿ ಇರ್ಲಿ, ಕೆಳಗೆ ನೆಲೆ ಇಲ್ಲ."

"ಬೆರಳು ಮರಗಟ್ತಿದೆ, ಮಾರಾಯ್ತಿ!"

"ಮರಗಟ್ಲಿ," ಎಂದವಳು ಅದೇ ಕೈಯನ್ನು ತನ್ನೆರಡೂ ಕೈಗಳಲ್ಲಿ ಮುಚ್ಚಿಕೊಂಡಳು.

"ಮೇ ತಿಂಗ್ಳಲ್ಲಿ ಮದ್ವೆ ಆಗೋಣ್ವಾ?" ಎಂದ ಅವನು.

"ನಿನ್ ಅಮ್ಮನ್ನ ಕೇಳಿದ್ಯಾ?"

"ಕೇಳು ಅಂತ ಕಳ್ಸಿದ್ದೇ ಅಮ್ಮ."

ಫೆಬ್ರವರಿಯಲ್ಲಿ ಮೂರು ದಿನ ಹಿಮಗಾಳಿ ಬೀಸಿತು. ನಾಲ್ಕನೆಯ ಬೆಳಗ್ಗೆ ತಾಸ್ಯಾ ಅಗೆದು ನೋಡಿದರೆ ತಳದಲ್ಲಿ ಗೇಣುದ್ದ ಸಕ್ಕರೆ. ಫೋನ್ ಮಾಡಿ ದಾರಿ ಮುಚ್ಚಿಸಿದಳು.

ಮಧ್ಯಾಹ್ನ ರೋದ್ಯಾ ಸ್ಕೀ ಹಾಕಿಕೊಂಡು ಏದುಸಿರು ಬಿಡುತ್ತ ಬಂದ.

"ಅಮ್ಮ ಪಟ್ಟಣದ ಆಸ್ಪತ್ರೇಲಿದಾಳೆ. ಸಂಜೆ ತನ್ಕ ಇದ್ರೆ ಹೆಚ್ಚು ಅಂತೆ. ಹತ್ತೇ ನಿಮಿಷದ ದಾರಿ, ತಾಸ್ಯಾ. ನೀನು ಹೂಂ ಅಂದ್ರೆ ಗೇಟ್ ತೆಗೀತಾರೆ."

ಅವಳು ಕಿಟಕಿಯಾಚೆ ಇಳಿಜಾರನ್ನು ನೋಡಿದಳು.

"ಅದಕ್ಕೇ ಹೂಂ ಅನ್ನಲ್ಲ, ರೋದ್ಯಾ."

ಅವನು ಜಗಳವಾಡಲಿಲ್ಲ. ಕೋಟನ್ನೂ ಬಿಚ್ಚದೆ ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತ. ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಎತ್ತಿಕೊಂಡವಳು ಅವಳೇ, ಕೇಳಿ ಅವನ ಕೈಗೆ ಕೊಟ್ಟಳು.

ಹಿಮ ಅಂದು ಜಾರಲಿಲ್ಲ. ಆ ವಾರವೂ ಇಲ್ಲ. ಬೇಕೆಂದೇ ಬೀಳಿಸಲು ಫಿರಂಗಿ ಗುಂಡು ಹಾರಿಸಿ ನೋಡಿದರೂ ಅಲುಗಲಿಲ್ಲ. ಮಾರ್ಚಿನ ಬಿಸಿಲಿಗೆ ಕುಗ್ಗಿ, ಇದ್ದಲ್ಲೇ ಗಟ್ಟಿಯಾಯಿತು.

ಏಪ್ರಿಲ್‌ನಲ್ಲಿ ಅವನು ಚೀಲ ಹೆಗಲಿಗೇರಿಸಿ ಬಂದ. ಅರ್ಖಾಂಗೆಲ್ಸ್ಕ್ ಬಂದರಿನಲ್ಲಿ ಕೆಲಸ ಸಿಕ್ಕಿತ್ತು.

"ಅವತ್ತು ಹಿಮ ಜಾರಿ ಬಿದ್ದಿದ್ರೆ ನಿನ್ನ ಕಾಲಿಗೆ ಬೀಳ್ತಿದ್ದೆ," ಎಂದ. "ಬೀಳ್ಲಿಲ್ಲ."

"ಬೀಳ್ಲಿ ಅಂತ ದಿನಾ ಬೇಡ್ಕೊಂಡೆ ನಾನು," ಎಂದಳು ತಾಸ್ಯಾ. "ಅಂಥದ್ದನ್ನ ಬೇಡ್ಕೊಂಡೆ."

ಅವನ ಕಣ್ಣು ತುಂಬಿತು. "ನೀನ್ ಮಾಡಿದ್ದು ಸರೀನೇ. ನಾಳೆ ಮತ್ತೆ ಹಂಗೇ ಆದ್ರೂ ಹಂಗೇ ಮಾಡ್ತೀಯ."

"ಹೂಂ."

"ಗೊತ್ತು. ಆದ್ರೆ ನಿನ್ನ ನೋಡ್ದಾಗೆಲ್ಲ ನಂಗೆ ನಾಲ್ಕು ಗಂಟೆ ಆಗತ್ತೆ, ತಾಸ್ಯಾ."

ಅವಳು ಅವನ ಕೋಟಿನ ಕೊರಳ ಗುಂಡಿ ಹಾಕಿದಳು. ಬೆರಳುಗಳು ಅಲ್ಲೇ ಒಂದು ಗಳಿಗೆ ನಿಂತವು.

"ಹನ್ನೊಂದು ಗಂಟೆಯೊಳಗೆ ಇಳಿಜಾರು ದಾಟ್ಬಿಡು. ಆಮೇಲೆ ಬಿಸ್ಲಿಗೆ ಹಿಮ ಸಡಿಲ ಆಗತ್ತೆ."

ಬಸ್ಸು ಇಳಿಜಾರಿನ ಬುಡದಲ್ಲಿ ಸಣ್ಣಗೆ ಹರಿದು ಆಚೆ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಆಮೇಲಷ್ಟೇ ಅತ್ತಳು.