ಕೆಂಪು ಪರದೆಯ ಮೇಲೊಂದು ಹಸಿರು ಕಲೆ

ಆ ಕುರ್ಚಿ ಅವಳಿಗೆ ಸುಮ್ಮನೆ ದಕ್ಕಿದ್ದಲ್ಲ.

ಗಾಜಿನ ಕೊಳವೆಯ ಟಿವಿಗಳು ತಯಾರಾಗುತ್ತಿದ್ದ ಕಾಲವದು. ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ನುರಿತವರೆಲ್ಲ ಕೈಚೆಲ್ಲಿ ಮೂಲೆಗೆ ತಳ್ಳಿದ್ದ ಒಂದು ದೊಡ್ಡ ಟಿವಿಯನ್ನು ಈ ಹುಡುಗಿ ಊಟದ ಬಿಡುವಿನಲ್ಲೆಲ್ಲ ಹಸಿದು ಕುಳಿತು, ಕೊಳವೆಯ ಕುತ್ತಿಗೆಯ ಕಾಂತದ ಉಂಗುರಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹದಕ್ಕೆ ತಂದಿದ್ದಳು. ಪರೀಕ್ಷೆಗೆಂದು ಕೆಂಪನ್ನಷ್ಟೇ ಹೊತ್ತಿಸಿದ ಪರದೆ ಅಂಚಿನಿಂದ ಅಂಚಿಗೆ ಅಚ್ಚಗೆಂಪಾಗಿ ಬೆಳಗಿದಾಗ ಮೇಲ್ವಿಚಾರಕರೇ ಮೂಗಿನ ಮೇಲೆ ಬೆರಳಿಟ್ಟರು. ಅಂದಿನಿಂದ ಬಣ್ಣ ಹೊಂದಿಸುವ ಕುರ್ಚಿ ಅವಳದು. 'ಹದ್ದಕ್ಕ' ಎಂಬ ಅಡ್ಡಹೆಸರೂ ಅವಳದು. ಆ ಕಣ್ಣು ತಪ್ಪಿಸಿ ಯಾವ ಕಲೆಯೂ ಉಳಿಯುತ್ತಿರಲಿಲ್ಲ.

ಕೆಲಸ ಬಹು ನಾಜೂಕಿನದು. ಕೊಳವೆಯ ಹಿಂಬದಿಯಿಂದ ವಿದ್ಯುತ್ಕಣಗಳು ಪರದೆಯತ್ತ ಧಾವಿಸುತ್ತವೆ. ಕಾಂತವು ಅವುಗಳ ವೇಗವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ದಾರಿಯನ್ನಷ್ಟೇ ಪಕ್ಕಕ್ಕೆ ಬಾಗಿಸುತ್ತದೆ. ಬಾಗು ತುಸು ಹೆಚ್ಚಾದರೆ ಸಾಕು, ಕೆಂಪು ಚುಕ್ಕೆಗೆ ತಗಲಬೇಕಾದ ಕಣ ಹಸಿರಿಗೆ ತಗಲಿ ಪರದೆಯ ಮುಖ ಕೆಡುತ್ತದೆ!

"ಆ ಟಿವಿ ಇಳಿಸಿ. ನಾನು ಹೊರ್ತೀನಿ."

ಒಂದು ದಿನ ಬೆನ್ನ ಹಿಂದೆ ಕೇಳಿದ ಆ ದನಿಗೆ ಅವಳು ಬೆಚ್ಚಿ ತಿರುಗಿದಳು. ಹೊಸಬ... ಮೇಲ್ವಿಚಾರಕರ ಅಕ್ಕನ ಮಗ. ಕಾರ್ಖಾನೆಯವರೆಲ್ಲ 'ಅಳಿಯ ದೇವರು' ಎಂದು ಆಡಿಕೊಳ್ಳುತ್ತಿದ್ದುದು ಇವನನ್ನೇ.

"ನಿಮ್ಮ ಮಾವ ಕಳಿಸಿದ್ರಾ, ನನ್ನ ಮೇಲೆ ಕಣ್ಣಿಡೋಕೆ?"

"ಅಯ್ಯೋ, ಇಲ್ಲ! ತಳ್ಳುಗಾಡಿ ಚಕ್ರ ಮುರಿದಿದೆಯಲ್ಲ, ಅದಕ್ಕೆ..."

ಅವನ ಕಿವಿ ಕೆಂಪಗಾಗಿತ್ತು. ಗಾಜಿನ ಮುಖವನ್ನು ರೂಢಿಯಂತೆ ಹೊಟ್ಟೆಗೊತ್ತಿ ಹಿಡಿದು, ಓಣಿಯಾಚೆಯ ತಪಾಸಣೆ ಕೋಣೆಗೆ ಟಿವಿ ಹೊತ್ತು ನಡೆದ.

ಒಳ್ಳೆಯವನೇ ಇರಬೇಕು... ಎಂದುಕೊಂಡಿತು ಮನಸ್ಸು. ಮರುಕ್ಷಣವೇ ಅದನ್ನವಳು ಗದರಿದಳು. ಆ ಮಾವನ ಅಳಿಯ! ನಂಬುವುದುಂಟೇ?

ಅಂದಿನಿಂದ ಅವಳ ಟಿವಿಗಳನ್ನು ಹೊರುವವನು ಅವನೇ ಆದ. ಮೊದಮೊದಲು ಎಲ್ಲ ಸರಿಯಿತ್ತು. ಬರಬರುತ್ತ ತಪಾಸಣೆಯಿಂದ ಟಿವಿಗಳು ಹಿಂದಿರುಗತೊಡಗಿದವು. ಕೆಂಪು ಪರದೆಯ ಕೆಳಬದಿಯಲ್ಲಿ ಒಂದು ಹಸಿರು ಕಲೆ!

"ಹದ್ದಿನ ಕಣ್ಣಿಗೆ ಪೊರೆ ಬಂತೇನಮ್ಮ?" ಎಂದರು ಮೇಲ್ವಿಚಾರಕರು.

"ನನ್ನ ಮೇಜಿಂದ ಹೋಗುವಾಗ ಚೊಕ್ಕವಾಗಿತ್ತು ಸಾರ್!"

"ಹಾಗಾದ್ರೆ ದಾರೀಲಿ ಕಲೆ ಮೆತ್ಕೊಳ್ತಾ? ನೋಡು, ಇವತ್ತು ಸಂಜೆ ಇನ್ನೊಂದು ವಾಪಸ್ ಬಂದ್ರೆ ನಾಳೆಯಿಂದ ನೀನು ಪ್ಯಾಕಿಂಗ್‌ಗೆ. ಈ ಕುರ್ಚೀಲಿ ನನ್ನ ಅಳಿಯ ಕೂರ್ತಾನೆ."

ಅವಳು ಓಣಿಯತ್ತ ತಿರುಗಿದಳು. ದಾರಿಯಲ್ಲಿ... ಹೌದು, ದಾರಿಯಲ್ಲಿರುವವನು ಅವನೊಬ್ಬನೇ!

ತಂತಿ ತರಲು ಉಗ್ರಾಣಕ್ಕೆ ಹೋದರೆ, ಗೋಣಿತಾಟಿನ ಕೆಳಗೆ ಅದೇ ತಳ್ಳುಗಾಡಿ ಇಣುಕುತ್ತಿತ್ತು. ಕಾಲಿನಿಂದ ನೂಕಿದಳು. ಚಕ್ರ ಬೆಣ್ಣೆಯಂತೆ ಉರುಳಿತು!

"ಅದು ರಿಪೇರಿ ಆಗಿ ಎಷ್ಟು ಕಾಲವಾಯ್ತು!" ಉಗ್ರಾಣದವನು ಆಕಳಿಸಿದ. "ಯಾರಿಗೂ ಕಾಣದ ಹಾಗೆ ಮುಚ್ಚಿಡಿ ಅಂದ್ರು ಅಳಿಯ ದೇವರು."

ಅಂದರೆ... ಸುಳ್ಳು! ಕಿವಿ ಕೆಂಪಗಾದದ್ದೂ ನಾಟಕವೇ? ಗೋಣಿತಾಟನ್ನು ಮೊದಲಿನಂತೆಯೇ ಎಳೆದು ಮುಚ್ಚಿ ಅವಳು ಹೊರಬಂದಳು.

ಸಂಜೆ ಅವನು ಟಿವಿ ಎತ್ತಿಕೊಂಡು ಹೊರಟಾಗ ಅವಳು ಚಪ್ಪಲಿ ಕಳಚಿಟ್ಟು ಹಿಂಬಾಲಿಸಿದಳು. ಓಣಿಯ ತಿರುವಿನಲ್ಲಿ ಅವನು ನಿಂತ. ಟಿವಿಯನ್ನು ಕಿಟಕಿಯ ಕಟ್ಟೆಗಿಳಿಸಿದ. ಅತ್ತಿತ್ತ ನೋಡಿದ. ಅಂಗಿಯೊಳಗೆ ಕೈ ಹಾಕಿದ...

"ಸಿಕ್ಕಿಬಿದ್ರಿ!"

ಅವನು ಗೋಡೆಗಾತು ನಿಂತ. "ನೀ... ನೀವಾ?"

"ಅಂಗಿಯೊಳಗೆ ಏನಿದೆ? ಕಾಂತ ತಾನೆ?"

"ಕಾಂತಾನಾ? ನನ್ನ ಹತ್ರನಾ? ಏನೂ ಇಲ್ಲ, ದಮ್ಮಯ್ಯ, ಹೋಗಿ!"

ಅವಳು ತಲೆಯಿಂದ ಉಕ್ಕಿನ ಪಿನ್ನೊಂದನ್ನು ಕಿತ್ತು ಅವನ ಸೊಂಟದ ಬಳಿ ಹಿಡಿದಳು. ಬೆರಳಿನಿಂದ ಜಿಗಿದ ಪಿನ್ನು ಟಕ್ಕೆಂದು ಅಂಗಿಗೆ ಅಂಟಿಕೊಂಡಿತು!

ಇಬ್ಬರೂ ಅದನ್ನೇ ನೋಡಿದರು.

"ಇದಕ್ಕೇನಂತೀರಿ?"

ತಲೆ ತಗ್ಗಿಸಿ ಅವನು ಅಂಗಿಯ ಅಂಚು ಎತ್ತಿದ. ಒಳಗೆ ಅಗಲವಾದ ಸೊಂಟಪಟ್ಟಿ. ಅದರ ತುಂಬ ಹೊಲಿಗೆ ಹಾಕಿದ ಬಿಲ್ಲೆಗಳು.

"ಸಡಿಲಾಗಿತ್ತು, ಬಿಗಿ ಮಾಡೋಕೆ ನಿಂತೆ. ನೋವಿಗೆ ಒಳ್ಳೇದು ಅಂತ ಅಮ್ಮ ತಂದು ಕಟ್ಟಿದ್ರು. ಬಿಲ್ಲೆ ಎಂಥದ್ದು ಅಂತ ನಾನೂ ಕೇಳ್ಲಿಲ್ಲ. ಈ ವಯಸ್ಸಿಗೇ ಸೊಂಟ ಹಿಡಿದಿದೆ ಅಂತ ಯಾರಿಗೆ ಹೇಳ್ಕೊಳ್ಳೋದು, ಹದ್ದಕ್ಕ..."

"ಅಕ್ಕ ಅನ್ನಬೇಡಿ!"

ಮಾತು ಬಾಯಿಂದ ಜಾರಿದ ಮೇಲೆ ಅವಳೇ ಬೆಚ್ಚಿದಳು. ಸಾವರಿಸಿಕೊಂಡು ಕೇಳಿದಳು: "ಸೊಂಟ ಹೇಗೆ ಹಿಡೀತು?"

"ನಿಮ್ಮ ಟಿವಿ ಹೊತ್ತು ಹೊತ್ತು."

"ತಳ್ಳುಗಾಡಿ ಗಟ್ಟಿಮುಟ್ಟಾಗಿದೆ. ನೋಡಿ ಬಂದೆ."

ಅವನು ಪಿನ್ನನ್ನು ಕಿತ್ತು ಅವಳತ್ತ ಚಾಚಿದ.

"ಗಾಡಿ ಬಂದ್ರೆ... ನಿಮ್ಮ ಮೇಜಿನ ಹತ್ರ ನಾನು ಯಾವ ನೆಪದಲ್ಲಿ ಬರ್ಲಿ?"

ಅವಳ ಮುಖ ಬಿಸಿಯಾಯಿತು. ಆದರೂ ಅನುಮಾನವೆಂಬುದು ಅಷ್ಟು ಬೇಗ ಜಾಗ ಬಿಡುವುದೇ?

"ನನ್ನ ಕುರ್ಚಿ ನಿಮಗೆ ಸಿಗ್ತಿತ್ತಲ್ಲ?"

"ನನಗಾ?" ಅವನು ಸಣ್ಣಗೆ ನಕ್ಕ. "ಕೆಂಪು ಯಾವುದು, ಹಸಿರು ಯಾವುದು ನನಗೆ ತಿಳಿಯಲ್ಲ. ಹುಟ್ಟಿನಿಂದ್ಲೇ ಹಾಗೆ. ಮಾವನಿಗೂ ಹೇಳಿಲ್ಲ. ಆ ಕಲೆ ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿಲ್ಲ."

"ಸುಳ್ಳು! ನಾನು ಹಾಕಿರೋ ಏಪ್ರನ್ ಯಾವ ಬಣ್ಣ?"

ಅವನು ಕಣ್ಣು ಕಿರಿದಾಗಿಸಿ ನೋಡಿದ. "ಕಂದು...?"

ಅದು ಎಳೆಚಿಗುರಿನ ಹಸಿರಿನದು. ನಗಬಾರದೆಂದುಕೊಂಡರೂ ನಗು ಉಕ್ಕಿಬಂತು. ನಗುತ್ತಿದ್ದಂತೆಯೇ ಕಣ್ಣೂ ತುಂಬಿತು.

ಪಟ್ಟಿ ಬಿಚ್ಚಿಸಿ ಕಿಟಕಿಯ ಮೊಳೆಗೆ ತೂಗುಹಾಕಿದಳು. ಇಬ್ಬರೂ ಎರಡು ಕಡೆ ಹಿಡಿದು ಟಿವಿಯನ್ನು ಅವಳ ಮೇಜಿಗೆ ಮರಳಿ ಒಯ್ದರು. ಹೊತ್ತಿಸಿದಾಗ ಹಸಿರು ಕಲೆ ಅಲ್ಲೇ ಇತ್ತು; ಬಿಲ್ಲೆಗಳ ಕಾಂತಗುಣ ಗಾಜಿನ ಹಿಂದಿನ ಉಕ್ಕಿನ ಜಾಲರಿಗೆ ಅಂಟಿ ಉಳಿದಿತ್ತು. ಕಾಂತದ ಜಿಡ್ಡು ತೆಗೆಯುವ ದೊಡ್ಡ ತಂತಿಬಳೆಯನ್ನು ಪರದೆಯ ಮುಂದೆ ಸುತ್ತಿಸುತ್ತ ಅವಳು ಮೆಲ್ಲಮೆಲ್ಲನೆ ಹಿಂದೆ ಸರಿದಳು. ಬಣ್ಣಗಳು ಕಲಕಿ, ಅಲೆಯಾಗಿ, ಕಡೆಗೆ ತಿಳಿಯಾದವು. ಅಚ್ಚಗೆಂಪು!

"ಹೋಯ್ತಾ?" ಎಂದ ಅವನು, ಕಾಣದ ಕಣ್ಣಿಂದ ಪರದೆಯನ್ನೇ ದಿಟ್ಟಿಸುತ್ತ.

"ಹೋಯ್ತು."

ತಪಾಸಣೆ ಕೋಣೆಯಲ್ಲಿ, ಮೇಲ್ವಿಚಾರಕರ ಎದುರೇ ಟಿವಿ ಪಾಸಾಯಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ. "ಮಾವ, ಇಷ್ಟು ದಿನದ ಕಲೆ ನನ್ನ ಸೊಂಟಪಟ್ಟಿಯಿಂದ ಬಂದದ್ದು. ಇವರ ತಪ್ಪೇನಿಲ್ಲ. ಆ ಕುರ್ಚಿ ನನಗೆ ಬೇಡ, ನನ್ನ ಕಣ್ಣಿಗೆ ಬಣ್ಣವೇ ತಿಳಿಯಲ್ಲ." ಎಲ್ಲರೆದುರು, ಒಂದೂ ಬಿಡದೆ ಹೇಳಿದ.

ಮೇಲ್ವಿಚಾರಕರು ಅಳಿಯನನ್ನು ನೋಡಿದರು, ಅವಳನ್ನು ನೋಡಿದರು. "ನಿನಗೆ ಬೇಕಾಗಿರೋದು ಸೊಂಟಕ್ಕೆ ಪಟ್ಟಿಯಲ್ಲ ಕಣೋ, ತಲೆಗೆ ಬುದ್ಧಿ!" ಎಂದು ಗೊಣಗುತ್ತ ಹೊರನಡೆದರು.

ಕೋಣೆ ಖಾಲಿಯಾದ ಮೇಲೆ ಅವನು ಮೆಲ್ಲಗೆ ಕೇಳಿದ: "ನಾಳೆಯಿಂದ ತಳ್ಳುಗಾಡಿ ತರ್ಲಾ?"

"ತನ್ನಿ. ಮತ್ತೆ... ನೆಪವಿಲ್ಲದೇನೂ ಬನ್ನಿ."

ಮೊಮ್ಮಗಳಿಗೆ ಇಷ್ಟೂ ಕತೆ ಹೇಳಿ ಮುಗಿಸಿದ ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡಳು. ಎದುರಿಗೆ ಕುಳಿತಿದ್ದ ಅಜ್ಜ ಪತ್ರಿಕೆ ಕೆಳಗಿಟ್ಟ.

"ಅಂತೂ ನಿನ್ನ ಅನುಮಾನ ಪೂರ್ತಿ ಹೋದದ್ದು ಯಾವಾಗ?"

"ಪೂರ್ತಿ ಎಲ್ಲಿ ಹೋಯ್ತು! ಸ್ವಲ್ಪ ಇಟ್ಕೊಂಡಿದೀನಿ. ಇಲ್ಲದಿದ್ರೆ ನಿಮ್ಮನ್ನ ಹೀಗೆ ದಿಟ್ಟಿಸಿ ನೋಡೋಕೆ ನನಗೇನು ನೆಪ?"

ಅಜ್ಜನ ಕಿವಿ ಕೆಂಪಗಾಯಿತು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅಂಗಾತ ಮಲಗಿಕೊಂಡಳು.

"ಅಜ್ಜೀ... ಇನ್ನೊಂದ್ಸಲ ಹೇಳು. ಮೊದಲಿಂದ!"